ಹನ್ನೆರಡನೇ ನಂಬರಿನ ಪೆನ್ನು

"ಭಾನುವಾರ ನೀನು ಬಸ್ಸು ಹತ್ತೋದ್ರೊಳಗೆ ಈ ಪೆನ್ನಲ್ಲಿ ನನ್ನ ಹೆಸರು ಬರೆದು ತೋರಿಸ್ತೀನಿ. ಇಲ್ದಿದ್ರೆ ಪೆನ್ನು ನಿಂದು!"

ಮಂಗಳವಾರ ಸಂಜೆ ನಾನು ಹೀಗೆ ಘೋಷಿಸಿದಾಗ ಎಡಗೈಯಲ್ಲಿ ಪೆನ್ನಿತ್ತು, ಬಲಗೈಯಲ್ಲಿ ಸೌಟಿತ್ತು. ಕತ್ತಿ ಹಿಡಿದು ಮಾಡಿದ ಶಪಥವನ್ನಾದರೂ ಮುರಿಯಬಹುದು, ಸೌಟು ಹಿಡಿದು ಮಾಡಿದ್ದನ್ನು ಮುರಿಯುವಂತಿಲ್ಲ!

ಎದುರಿಗೆ ಕುಳಿತಿದ್ದವಳು ನನ್ನ ನಾದಿನಿ. ತೀರಿಕೊಂಡ ನಮ್ಮ ಯಜಮಾನರ ಒಬ್ಬಳೇ ತಂಗಿ, ನಿವೃತ್ತ ಹೆಡ್‌ಮಿಸ್ಟ್ರೆಸ್. ವಾರದ ಮಟ್ಟಿಗೆ ಬಂದಿದ್ದಳು. ಬಂದ ದಿನವೇ ಬೀರುವಿನಲ್ಲಿ ಅಣ್ಣನ ಫೌಂಟನ್ ಪೆನ್ನು ಕಂಡು, ಮುಚ್ಚಳ ತೆಗೆದು, ಗೀಚಿ ನೋಡಿ, ಪರೀಕ್ಷೆಯಲ್ಲಿ ಅದನ್ನು ಫೇಲು ಮಾಡಿದ್ದಳು.

"ಬೀರುವಲ್ಲಿ ಒಣಗೋದಕ್ಕಿಂತ ಬರೆಯೋರ ಕೈಲಿರಲಿ ಬಿಡಿ ಅತ್ತಿಗೆ. ನೀವು ಓದಿದ್ದು ಎರಡನೇ ಕ್ಲಾಸು. ನಿಮಗ್ಯಾಕೆ ಇದು?"

ಎರಡನೇ ಕ್ಲಾಸು ಹೌದಮ್ಮಾ! ಆದರೆ ಮೂವತ್ತೆಂಟು ವರ್ಷ ಆ ಪೆನ್ನು ಹಿಡಿದವರು ಅವರಾದರೆ, ಅದು ಕಾರಿದ್ದನ್ನು ಅಂಗಿಯ ಜೇಬಿನಿಂದ ಉಜ್ಜಿ ತೊಳೆದವಳು ನಾನು. ಕೊಡುತ್ತೇನೆಯೇ?

ಇನ್ನು ಬರವಣಿಗೆಯ ಮಾತು. ಯಜಮಾನರು ಕಚೇರಿಯಲ್ಲಿ ಗುಮಾಸ್ತರು. ಅವರು ಬರೆದದ್ದನ್ನು ಅವರೇ ಓದಬೇಕಿತ್ತು, ಅದೂ ಬರೆದ ದಿನವೇ. ತಂಗಿಗೆ ಕಾಗದ ಹಾಕಿದರೆ ನಾಲ್ಕನೇ ದಿನ ಅವಳು ಅದೇ ಕಾಗದ ಹಿಡಿದು ಬಸ್ಸಿಳಿಯುತ್ತಿದ್ದಳು: "ಅಣ್ಣಾ, ಇದನ್ನ ಸ್ವಲ್ಪ ಓದಿ ಹೇಳು!"

ಪೆನ್ನು ಬಿಚ್ಚಿದೆ. ಶಾಯಿ ತುಂಬುವ ಒಳನಳಿಗೆ ಸೀಳಿ ಎರಡಾಗಿತ್ತು. ಬೇರೆ ನಳಿಗೆ ತಂದು, ಪೆನ್ನಿನ ಕತ್ತಿನಿಂದ ಚಾಚಿಕೊಂಡ ಪುಟ್ಟ ಮೂತಿಗೆ ಸಿಕ್ಕಿಸಿದರಾಯಿತು. ಪೇಟೆಯಲ್ಲಿ ಅದಕ್ಕೆ ಕನ್ವರ್ಟರ್ ಅನ್ನುತ್ತಾರಂತೆ. ಬುಧವಾರ ಹೋಗಿ ತಂದೆ. ಕೊಂಚ ಸಡಿಲ. ಸಡಿಲವಾದರೇನು, ನಾನು ಐವತ್ತು ವರ್ಷ ಸ್ವೆಟರ್ ಹೆಣೆದವಳು! ಮೂತಿಗೆ ನಾಲ್ಕು ಸುತ್ತು ದಾರ ಸುತ್ತಿ ನಳಿಗೆ ಒತ್ತಿದೆ. ಯಜಮಾನರ ಕಾಲದ ಶಾಯಿ ಬಾಟಲಿಯಿಂದ ಹೊಟ್ಟೆತುಂಬ ಕುಡಿಸಿದೆ. ಅವರು ಕೊಡವುತ್ತಿದ್ದ ಹಾಗೆಯೇ ಗತ್ತಿನಿಂದ ಒಮ್ಮೆ ಕೊಡವಿದೆ.

ಪೆನ್ನು ನನ್ನ ಕೈಯಲ್ಲೇ ಉಳಿಯಿತು. ಬರೆಯುವ ಮುಳ್ಳು ಮುಂದಿನ ಕೋಣೆಗೆ ಹಾರಿತು. ಶಾಯಿ ಮಾತ್ರ ಅಡ್ಡದಾರಿ ಹಿಡಿದು, ಪತ್ರಿಕೆ ಓದುತ್ತಿದ್ದ ನಾದಿನಿಯ ಹಾಲುಬಿಳುಪಿನ ಉಣ್ಣೆ ಶಾಲಿನ ಮೇಲೆ ಇಳಿಯಿತು!

"ಅತ್ತಿಗೇ!"

"ಒಂದೇ ಕಲೆ ಕಣೇ."

"ಎಣಿಸಿ ಹೇಳ್ತಿದೀರಾ? ಹದಿನೇಳಿವೆ!"

ಕಲೆ ಹೋಗಲಿಲ್ಲ. ಸೋಪು ಹಾಕಿದೆ, ಹರಡಿತು. ನಿಂಬೆರಸ ಹಾಕಿದೆ, ಇನ್ನೂ ಹರಡಿತು. ಆಗ ನನ್ನ ತಲೆಗೆ ಮಹಾ ಉಪಾಯ ಹೊಳೆಯಿತು. ಕಲೆ ಎಂದರೇನು? ಎಲ್ಲ ಕಡೆ ಇಲ್ಲದ ಬಣ್ಣ. ಎಲ್ಲ ಕಡೆ ಇದ್ದರೆ ಅದು ಕಲೆಯಲ್ಲ, ಶಾಲಿನ ಬಣ್ಣ! ಬಕೆಟ್ಟಿಗೆ ಬಿಸಿನೀರು ಹಾಕಿ, ಶಾಯಿಯ ಬಾಟಲಿಯನ್ನು ತಳ ತಟ್ಟಿ ತಟ್ಟಿ ಸುರಿದು, ಶಾಲನ್ನು ಅದ್ದಿಬಿಟ್ಟೆ. ಗುರುವಾರ ಬೆಳಗ್ಗೆ ಒಣಗಿದ ಶಾಲು ಮೋಡ ಕವಿದ ಆಕಾಶದಂತಿತ್ತು. ಬೇರೆ ಶಾಲು ತಂದಿರದ ನಾದಿನಿ ಅದನ್ನೇ ಹೊದ್ದಳು. ಮಧ್ಯಾಹ್ನದ ಹೊತ್ತಿಗೆ ಬೆವರಿ ನೀಲಕಂಠಿಯಾಗಿದ್ದಳು.

"ಇನ್ನು ಸೋರೋದಿಲ್ಲ ಅಂತ ಖಾತ್ರಿ ಆಗೋವರೆಗೂ ಬರೀ ನೀರಲ್ಲೇ ಪರೀಕ್ಷೆ!" ಎಂದು ಆಜ್ಞೆಯಾಯಿತು. ಒಪ್ಪಿದೆ. ನ್ಯಾಯವಾದ ಮಾತು.

ಹಾರಿದ ಮುಳ್ಳನ್ನು ಹುಡುಕಿ ತಂದು ಸಿಕ್ಕಿಸಿ, ಈಗ ಅಂದಾಜಿನ ಕೆಲಸ ಬಿಟ್ಟು ಅಳತೆಗೆ ಕುಳಿತೆ. ಪೆನ್ನಿನ ಮೂತಿಗೆ ಹತ್ತು ಸುತ್ತು ನೂಲು ಸುತ್ತಿ, ಕತ್ತರಿಸಿ ಬಿಚ್ಚಿದೆ. ಅದೇ ನೂಲನ್ನು ಹೆಣಿಗೆ ಕಡ್ಡಿಗಳಿಗೆ ಒಂದೊಂದಾಗಿ ಸುತ್ತಿ ನೋಡಿದೆ. ಹೆಣಿಗೆ ಕಡ್ಡಿಯಲ್ಲಿ ನಂಬರು ಏರಿದಷ್ಟೂ ದಪ್ಪ ಇಳಿಯುತ್ತದೆ. ಹತ್ತನೇ ನಂಬರಿನ ಕಡ್ಡಿಗೆ ನೂಲು ಸಾಲದು. ಹದಿಮೂರರಲ್ಲಿ ಮಿಕ್ಕಿತು. ಹನ್ನೆರಡನೇ ನಂಬರಿಗೆ ಹತ್ತೇ ಸುತ್ತು, ಕೂದಲೆಳೆಯಷ್ಟೂ ಆಚೀಚೆಯಿಲ್ಲ! ಅಲ್ಲಿಗೆ ಪೆನ್ನನ್ನು ಊರೆಲ್ಲ ತಿರುಗಿಸಿ ಕಳೆದುಕೊಳ್ಳುವ ಭಯ ತಪ್ಪಿತು. ಕಡ್ಡಿಯೊಂದಿದ್ದರೆ ಸಾಕು.

ಶುಕ್ರವಾರ ಪೆನ್ನಿನ ದೊಡ್ಡ ಅಂಗಡಿಗೆ ಹೋಗಿ ಕಡ್ಡಿ ಮುಂದಿಟ್ಟೆ. "ಇದಕ್ಕೊಂದು ಕನ್ವರ್ಟರ್ ಕೊಡಪ್ಪ."

ಅಂಗಡಿಯವನು ಕಡ್ಡಿ ನೋಡಿದ, ನನ್ನನ್ನು ನೋಡಿದ. "ಅಮ್ಮಾ, ಉಣ್ಣೆ ಅಂಗಡಿ ಪಕ್ಕದ್ದು."

ಪೆನ್ನಿನ ಹೆಸರು ಸಹಿತ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. "ಆ ಪೆನ್ನು ಮಾಡೋ ಕಂಪನಿಯೇ ಮುಚ್ಚಿ ಎಷ್ಟೋ ವರ್ಷ ಆಯ್ತಮ್ಮ. ಹೊಸ ಪೆನ್ನು ತಗೊಂಡುಬಿಡಿ."

"ಹೊಸದರಲ್ಲಿ ನಾನು ಗೆದ್ದ ಹಾಗೆ ಆಗಲ್ಲಪ್ಪ!"

ಮೂರು ಅಂಗಡಿ ದಾಟಿ, ಮೆಟ್ಟಿಲ ಕೆಳಗೆ ಪೆನ್ನು ರಿಪೇರಿ ಮಾಡುವ ಮುದುಕರ ಪೆಟ್ಟಿಗೆಯಂಗಡಿ ಸಿಕ್ಕಿತು. ಸಂಗತಿ ಕೇಳಿ ಅವರು ಹಳೆಯ ನಳಿಗೆಗಳ ಡಬ್ಬಿಯನ್ನು ನನ್ನ ಮುಂದೆ ಸುರಿದರು. ಒಂದೊಂದರ ಬಾಯಿಗೂ ಕಡ್ಡಿ ತೂರಿಸಿದೆ. ಕೆಲವಕ್ಕೆ ಹೋಗದು, ಕೆಲವುಗಳಲ್ಲಿ ಗಡಗಡ ಅಲುಗಾಟ. ಇಪ್ಪತ್ತಾರನೆಯದು ಟಕ್ಕೆಂದು ಕುಳಿತುಕೊಂಡಿತು. ಕಡ್ಡಿ ಹಿಡಿದು ತಲೆಕೆಳಗೆ ಆಡಿಸಿದರೂ ಬೀಳಲಿಲ್ಲ!

"ನಲವತ್ತು ವರ್ಷದಿಂದ ನಾನು ಕಣ್ಣಂದಾಜಿನಲ್ಲೇ ಹುಡುಕ್ತಿದ್ದೆ," ಎಂದರು ಮುದುಕರು. "ದುಡ್ಡು ಬೇಡ ತಾಯಿ. ಆ ಕಡ್ಡಿ ಕೊಟ್ಟು ಹೋಗಿ."

ಕೊಟ್ಟೆ. ಮನೆಯಲ್ಲಿ ಅರ್ಧ ಹೆಣೆದ ಕಾಲುಚೀಲ ಒಂಟಿ ಕಡ್ಡಿಯಲ್ಲಿ ಇಂದಿಗೂ ನೇತಾಡುತ್ತಿದೆ.

ನಳಿಗೆ ಪೆನ್ನಿನ ಮೂತಿಗೆ ಅಳತೆಗೆ ಹೊಲಿಸಿದಂತೆ ಕುಳಿತಿತು. ಆಜ್ಞೆಯಂತೆ ನೀರು ತುಂಬಿದೆ. ಬಟ್ಟೆ ಒಣಗಿಸುವ ಹಗ್ಗಕ್ಕೆ ಮುಳ್ಳು ಕೆಳಗಾಗಿ ಕ್ಲಿಪ್ಪು ಹಾಕಿ ತೂಗುಬಿಟ್ಟೆ, ಕೆಳಗೆ ಪತ್ರಿಕೆ ಹಾಸಿದೆ. ಶನಿವಾರವಿಡೀ ಗಂಟೆಗೊಮ್ಮೆ ಹೋಗಿ ಪತ್ರಿಕೆ ಮುಟ್ಟಿ ನೋಡಿದೆ. ಒಂದು ಹನಿ ಇಲ್ಲ!

ಭಾನುವಾರ ಬೆಳಗ್ಗೆ ನಾದಿನಿ ಚೀಲ ಸಿದ್ಧಮಾಡಿ, ನೀಲಿ ಶಾಲು ಹೊದ್ದು, ಪರೀಕ್ಷಾ ಕೊಠಡಿಯ ಮುಖ ಮಾಡಿಕೊಂಡು ಎದುರು ಕುಳಿತಳು. ನಾನು ಕನ್ನಡಕ ಏರಿಸಿದೆ. ಬಿಳಿ ಹಾಳೆ ಹರಡಿದೆ. ಹಗ್ಗದಿಂದ ಪೆನ್ನಿಳಿಸಿ ತಂದು ಬರೆದೆ.

ಏನು ಓಟ ಅಂತೀರಿ! ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ! ಗೀರಿಲ್ಲ, ತಡವರಿಕೆಯಿಲ್ಲ. ನನ್ನ ಹೆಸರು ಬರೆದೆ. ಹುಮ್ಮಸ್ಸಿಗೆ ಯಜಮಾನರ ಹೆಸರೂ ಬರೆದೆ. ಕೆಳಗೆ ಎರಡು ಗೆರೆ ಎಳೆದು ರಾಣಿಯಂತೆ ತಲೆಯೆತ್ತಿದೆ.

ನಾದಿನಿ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹಾಳೆ ಒದ್ದೆಯಾಗಿ ಹೊಳೆಯುತ್ತಿತ್ತು. ಅಕ್ಷರ ಒಂದೂ ಇರಲಿಲ್ಲ.

"ಅತ್ತಿಗೆ, ಶಾಯಿ?"

ಇಬ್ಬರೂ ಒಟ್ಟಿಗೇ ಶಾಲು ನೋಡಿದೆವು. ಮನೆಯಲ್ಲಿದ್ದ ಅಷ್ಟೂ ಶಾಯಿ ನಾದಿನಿಯ ಹೆಗಲ ಮೇಲಿತ್ತು!

ಹೊರಗೆ ಆಟೋದವನು ಹಾರ್ನ್ ಹೊಡೆದ. ನಾನು ಪೆನ್ನಿನ ಮುಚ್ಚಳ ಹಾಕಿ ಅವಳ ಮುಂದೆ ಚಾಚಿದೆ. ಮಾತು ಮಾತೇ.

ಅವಳು ತೆಗೆದುಕೊಳ್ಳಲಿಲ್ಲ. ಹಾಳೆಯ ಮೇಲೆ ಬೆರಳಾಡಿಸಿದಳು.

"ಬರೆದಿದ್ದು ಕಣ್ಣಾರೆ ನೋಡಿದೀನಿ. ಓದೋಕೆ ಆಗ್ತಿಲ್ಲ, ಅಷ್ಟೇ. ಅಣ್ಣ ಬರೆದಿದ್ದನ್ನಾದ್ರೂ ಓದೋಕೆ ಆಗ್ತಿತ್ತಾ? ಪಾಸು! ಪೆನ್ನು ನಿಮ್ಮದೇ."

ಗೆದ್ದೆ! ಬಾಗಿಲವರೆಗೂ ಎದೆಯುಬ್ಬಿಸಿ ನಡೆದೆ. "ನೀನು ಊರು ಮುಟ್ಟಿದ ಮೇಲೆ ಇದರಲ್ಲೇ ಕಾಗದ ಬರೀತೀನಿ ಕಣೇ. ಇವತ್ತೇ ಶಾಯಿ ತರ್ತೀನಿ!"

ಆಟೋ ಹತ್ತಿದ ನಾದಿನಿ ಕತ್ತು ಹೊರಗೆ ಹಾಕಿದಳು. ಕತ್ತು ಇನ್ನೂ ನೀಲಿಯಾಗಿಯೇ ಇತ್ತು.

"ತರಬೇಡಿ ಅತ್ತಿಗೆ. ಹಾಗೇ ಬರೆದು ಹಾಕಿ. ಯಥಾಪ್ರಕಾರ ಓದಿಸ್ಕೊಳ್ಳೋಕೆ ನಾನೇ ಬರ್ತೀನಿ. ಈ ಶಾಲು ಹೊದ್ದುಕೊಂಡೇ ಬರ್ತೀನಿ, ಶಾಯಿ ಬೇಕಾದಷ್ಟು ಹಿಂಡ್ಕೊಳ್ಳಿ!"