ನಾನೇ ಹೊಲಿದ ಸೈಕಲ್ ಚಡ್ಡಿ

ಗೋಕಾಕದಲ್ಲಿ ಮೂವತ್ತು ವರ್ಷಗಳಿಂದ ಪ್ಯಾಂಟು ಹೊಲಿಯುತ್ತಿರುವವನು ನಾನು. ಊರಿನ ಅರ್ಧ ಗಂಡಸರ ಸೊಂಟದ ಅಳತೆ ನನಗೆ ಬಾಯಿಪಾಠ. ಹೀಗಿರುವಾಗ ಡಾಕ್ಟರು, "ಶುಗರ್ ಐತ್ರಿ, ದಿನಾ ಸೈಕಲ್ ಹೊಡೀರಿ" ಎಂದರೆ ನಾನೇಕೆ ಹೆದರಲಿ? ತಮ್ಮನ ಹಳೆಯ ಸೈಕಲ್ ಒರೆಸಿ ಹತ್ತಿಯೇಬಿಟ್ಟೆ. ನಾಲ್ಕನೇ ದಿನ ತೊಡೆಯ ಒಳಬದಿ ತುಸು ಉರಿಯಿತು.

ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಸವಿತಾ ಕೂಡಲೇ ಹೇಳಿದಳು: "ಅಪ್ಪಾ, ಸೈಕಲ್ ಹೊಡಿಯಾವ್ರಿಗೆ ಅಂತನ ಬ್ಯಾರೆ ಚಡ್ಡಿ ಬರ್ತಾವು. ಒಳಗ ಮೆತ್ತನ ಪ್ಯಾಡ್ ಇರ್ತೈತಿ. ಒಂದು ತಗೋರಿ. ಹೊಂಡೂ ಮೊದಲ ತೊಡಿಗೆ ಒಂದೀಟ ಪೆಟ್ರೋಲಿಯಂ ಜೆಲ್ಲಿ ಹಚ್ಕೋರಿ."

"ಚಡ್ಡಿ ತಗೋಬೇಕಾ? ನಾನು? ಅಂಗಡ್ಯಾಗ?"

ದರ್ಜಿಯಾದವನು ಪರರು ಹೊಲಿದ ಚಡ್ಡಿ ಧರಿಸುವುದು ಇಡೀ ಕಸುಬಿಗೇ ಅವಮಾನವೆಂದು ಘೋಷಿಸಿದೆ. ಜೆಲ್ಲಿಯ ಮಾತು ಕಿವಿಗೇ ಬೀಳಲಿಲ್ಲ.

ಮನೆಯ ಬಾಜೂಕಿನ ಗಾದಿ ಅಂಗಡಿಯ ಇಮಾಮಸಾಬ ಸಂತೋಷದಿಂದ ಒಂದು ತುಂಡು ಸ್ಪಂಜು ಕೊಟ್ಟ. "ಟೇಲರಣ್ಣಾ, ಇದರ ಮ್ಯಾಲ ಕುಂತ್ರ ಬೆಳಗಾವಿತನಕ ಹೋದ್ರೂ ಗೊತ್ತಾಗಂಗಿಲ್ಲ ನೋಡ್ರಿ!"

ಸಫಾರಿ ಸೂಟು ಹೊಲಿದು ಉಳಿದ ದಪ್ಪ ಬಟ್ಟೆ ತೆಗೆದು ಕತ್ತರಿಸಿ, ಒಳಗೆ ಸ್ಪಂಜು ಕೂಡಿಸಿದೆ. ಗಟ್ಟಿಯಾಗಿರಲೆಂದು ಎಲ್ಲಕ್ಕೂ ಜೋಡು ಹೊಲಿಗೆ ಹಾಕಿದೆ. ನಾಲ್ಕು ಕಡೆಯಿಂದ ಬಂದ ಹೊಲಿಗೆಗಳು ನಟ್ಟನಡುವೆ ಒಂದೇ ಬಿಂದುವಿನಲ್ಲಿ ಕೂಡಿದವು. ಎಂಥ ಜೋಡಣೆ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಸೀಟಿನ ಮೇಲೆ ಇಡೀ ದೇಹದ ಭಾರ ಬೀಳುವುದೂ ಅದೇ ಬಿಂದುವಿನ ಮೇಲೆ ಎಂಬುದು ಮಾತ್ರ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅದನ್ನು ತೊಟ್ಟು ಹೊರಬಂದಾಗ ಹೆಂಡತಿ ಕಮಲಾ ನೋಡುತ್ತಲೇ ನಿಂತಳು.

"ಏನ್ರಿ ಇದು, ತಲಿದಿಂಬ ಕಟ್ಕೊಂಡು ಎಲ್ಲಿಗೆ ಹೊಂಟೀರಿ? ಸಂಜಿಕ ಯಮಕನಮರಡಿ ಮಂದಿ ಬರೂದೈತಿ, ನೆನಪೈತಿಲ್ಲೋ?"

ಸವಿತಾಳಿಗೆ ಅಲ್ಲಿಯ ಹುಡುಗನೊಬ್ಬನನ್ನು ನೋಡಿದ್ದೆವು. ಇಬ್ಬರೂ ಒಪ್ಪಿದ್ದರು. ಹುಡುಗನ ತಂದೆ-ತಾಯಿ ಕುಳಿತು ಮಾತಾಡಿ ಮುಗಿಸುವುದಷ್ಟೇ ಬಾಕಿ.

"ಮೇಲವಂಕಿ ಮುಟ್ಟಿ ಹತ್ತರೊಳಗ ಬರ್ತೇನಿ" ಎಂದು ಹೊರಟೆ.

ಊರು ದಾಟುವವರೆಗೆ ರಾಜನಂತಿದ್ದೆ. ಆಮೇಲೆ ಬೆವರು ಶುರುವಾಯಿತು. ಸ್ಪಂಜು ಬೆವರು ಕುಡಿಯಿತು. ಕುಡಿದು ಉಬ್ಬಿತು. ಒದ್ದೆಯಾದ ಜೋಡು ಹೊಲಿಗೆ ಗರಗಸವಾಯಿತು! ಪೆಡಲ್ ತುಳಿದಾಗೊಮ್ಮೆ ಎಳೆತ, ಎತ್ತಿದಾಗೊಮ್ಮೆ ಎಳೆತ. ಮೇಲವಂಕಿ ಪ್ರವೇಶಿಸುವಾಗ ನಾನು ಸೀಟಿನ ಮೇಲೆ ಇರಲೇ ಇಲ್ಲ, ಪೆಡಲ್ ಮೇಲೆ ನಿಂತಿದ್ದೆ.

ವಾಪಸು ಬರುವಾಗ ಕಾಲು ಅಗಲಿಸಿಕೊಂಡು ಸೈಕಲ್ ನೂಕತೊಡಗಿದೆ. ದಾರಿಯಲ್ಲಿ ಹಳೆಯ ಗಿರಾಕಿಯೊಬ್ಬ ಸಿಕ್ಕ. "ಯಾಕ್ರಿ ಟೇಲರ, ಪಂಚರ್ ಆತೇನ್ರಿ?"

"ಹೌದ್ರಿ" ಎಂದೆ. ಯಾವುದು ಎಂದು ಅವನು ಕೇಳಲಿಲ್ಲ.

ಮನೆ ಸೇರುವಷ್ಟರಲ್ಲಿ ಮಧ್ಯಾಹ್ನ. ಬಚ್ಚಲಿಗೆ ಹೋಗಿ ನೋಡಿದರೆ ಎರಡೂ ಬದಿ ಚರ್ಮ ಸುಲಿದು ಟೊಮ್ಯಾಟೊ ಬಣ್ಣ! ಇಂಥದ್ದನ್ನು ಮಗಳಿಗೆ ಹೇಗೆ ಹೇಳುವುದು? ನಾನೇ ವೈಜ್ಞಾನಿಕವಾಗಿ ಯೋಚಿಸಿದೆ. ಗಾಯದಲ್ಲಿ ಕ್ರಿಮಿಗಳಿರುತ್ತವೆ. ಗಡ್ಡ ಹೆರೆದ ಮೇಲೆ ಹಚ್ಚುವ ಲೋಷನ್ ಕ್ರಿಮಿಗಳನ್ನು ಕೊಲ್ಲುತ್ತದೆ. ಆದ್ದರಿಂದ ಧಾರಾಳವಾಗಿ ಸುರಿದುಕೊಂಡೆ.

ಕ್ರಿಮಿಗಳು ಸತ್ತವೋ ಇಲ್ಲವೋ ತಿಳಿಯದು. ನನ್ನ ಕೂಗಿಗೆ ಇಮಾಮಸಾಬ ಬಡಿಗೆ ಹಿಡಿದು ಓಡಿಬಂದ. "ಎಲ್ಲೈತ್ರಿ ಹಾವು?"

ಸಂಜೆ ಬೀಗರು ಬಂದರು. "ಬರ್ರಿ, ಕೂಡ್ರಿ" ಎಂದೆ. ನಾನು ನಿಂತೇ ಇದ್ದೆ.

"ನೀವೂ ಕೂಡ್ರಿ" ಎಂದರು ಹುಡುಗನ ತಂದೆ.

"ಇಲ್ರಿ, ನಾ ಹಿಂಗ ಆರಾಮ ಅದೇನಿ."

ಕನ್ಯಾಪಿತೃ ನಿಂತಿರುವಾಗ ತಾವು ಕೂರುವುದು ಹೇಗೆಂದು ಅವರೂ ಎದ್ದರು. ಅವರ ಹೆಂಡತಿಯೂ ಎದ್ದರು. ಕಮಲಾ ತಂದ ಅವಲಕ್ಕಿಯನ್ನು ಎಲ್ಲರೂ ನಿಂತೇ ತಿಂದೆವು. ನಮ್ಮ ಪಡಸಾಲೆ ಬಸ್ ಸ್ಟ್ಯಾಂಡಿನಂತೆ ಕಾಣುತ್ತಿತ್ತು! ಕಡೆಗೆ ಹುಡುಗನ ತಂದೆ ತಟ್ಟೆ ಕೆಳಗಿಟ್ಟರು.

"ಖರೆ ಹೇಳ್ರಿ. ನಮ್ಮನ್ನ ಲಗೂನ ಕಳಸಾಕ ನಿಂತೀರಿ ಅನಸ್ತೈತಿ. ನಿಮಗ ಈ ಸಂಬಂಧಕ್ಕ ಮನಸ್ಸಿಲ್ಲೇನ್ರಿ?"

ಅಡುಗೆಮನೆಯ ಬಾಗಿಲಲ್ಲಿ ಸವಿತಾಳ ಮುಖ ಬಾಡಿದ್ದು ಕಂಡಿತು. ಮಗಳ ಬಾಳಿನ ಮುಂದೆ ನನ್ನ ಮಾನದ್ದೇನು ದೊಡ್ಡದು?

"ಮನಸ್ಸೈತ್ರಿ" ಎಂದೆ. "ಚರ್ಮ ಇಲ್ರಿ!"

ಚಡ್ಡಿಯಿಂದ ಲೋಷನ್ನಿನವರೆಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ನಗುನಗುತ್ತಾ ಕುರ್ಚಿಯ ಮೇಲೆ ಕುಸಿದರು. ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಸವಿತಾ ಮಾತ್ರ ನಗಲಿಲ್ಲ.

"ಲೋಷನ್ನಾ? ಅಪ್ಪಾ! ಬರೇ ತಣ್ಣೀರಿಲೆ ತೊಳದು, ಒತ್ತಿ ಒಣಗಿಸಿ, ಮುಲಾಮ ಹಚ್ಚಬೇಕ್ರಿ. ಸಡ್ಲ ಲುಂಗಿ ಉಟ್ಕೊಂಡು ನಾಕ ದಿನ ಸುಮ್ನ ಕೂಡ್ರಿ."

"ಕೂಡೂದೊಂದು ಬಿಟ್ಟು ಉಳದದ್ದೆಲ್ಲಾ ಮಾಡ್ತೇನಿ, ಯವ್ವಾ" ಎಂದೆ.

ಮಾತು ಮುಗಿದು ಸಂಬಂಧ ಗಟ್ಟಿಯಾಯಿತು. ಹೊರಡುವಾಗ ಬೀಗರು ನನ್ನ ಕೈ ಹಿಡಿದು, ಬಹಳ ಮರ್ಯಾದೆಯಿಂದ, "ಒಂದ ಮಾತ್ರಿ ಬೀಗರ. ನಮ್ಮ ಹುಡುಗನ ಮದವಿ ಅರಿವಿ-ಬಟ್ಟಿ ಮಾತ್ರ ನಾವ ಹುಕ್ಕೇರ್ಯಾಗ ಹೊಲಸ್ತೇವ್ರಿ" ಎಂದರು.

ಗಾಯ ಮಾಯುವ ಹೊತ್ತಿಗೆ ಸವಿತಾ ಅಂಗಡಿಯ ಸೈಕಲ್ ಚಡ್ಡಿಯೊಂದನ್ನು ತಂದುಕೊಟ್ಟಳು. ತಪ್ಪು ಹುಡುಕಲೆಂದೇ ಅದನ್ನು ಒಳಹೊರಗು ಮಾಡಿ, ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನೋಡಿದೆ. ನಡುವೆ ಒಂದೇ ಒಂದು ಹೊಲಿಗೆಯೂ ಇಲ್ಲ!

ತೊಡೆಯ ಉರಿ ಹೋಗಿದೆ. ಈ ಉರಿಗೆ ಯಾವ ಮುಲಾಮೋ ಕಾಣೆ.