ಮನೆಯವಳ ಹಾಗೆ

ನಿವೃತ್ತಿಯಾದ ಮೇಲೆ ಕೆಲವರಿಗೆ ಬಿ.ಪಿ. ಬರುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಬಂದದ್ದು ಅಭಿಪ್ರಾಯ. ಪಿರಿಯಾಪಟ್ಟಣದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಡುವಾಗ ನನಗೆ ಯಾವ ಅಭಿಪ್ರಾಯವೂ ಇರಲಿಲ್ಲ; ಪುಸ್ತಕದಲ್ಲಿ ಇದ್ದದ್ದನ್ನು ಹೇಳಿ, ಗಂಟೆ ಹೊಡೆದರೆ ಎದ್ದು ಬರುತ್ತಿದ್ದೆ. ಈಗ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ಹಾಲಿನ ದರ, ಅಮೆರಿಕ, ಮಳೆ, ಇಂದಿನ ಹುಡುಗರ ತಲೆಗೂದಲು ಎಲ್ಲದರ ಮೇಲೂ ಒಂದೊಂದು ತಯಾರಾಗಿರುತ್ತದೆ. ಕೇಳುವವರು ಬೇಕಲ್ಲ? ಅದಕ್ಕೇ ನನ್ನಂಥ ಏಳೆಂಟು ಪೆನ್ಷನ್‌ದಾರರು ಸೇರಿ ತಿಂಗಳಿಗೊಂದು ಭಾನುವಾರ ಚರ್ಚಾಕೂಟ ಮಾಡಿಕೊಂಡಿದ್ದೇವೆ.

ಹೋದ ತಿಂಗಳ ವಿಷಯ ‘ಸಾರ್ವತ್ರಿಕ ಮೂಲ ಆದಾಯ ಕಾನೂನಿನ ಹಕ್ಕಾಗಬೇಕೆ?’ ಅಂದರೆ ದುಡಿಯಲಿ ಬಿಡಲಿ, ಬಡವರಿರಲಿ ಬಲ್ಲಿದರಿರಲಿ, ಪ್ರತಿಯೊಬ್ಬರಿಗೂ ಸರ್ಕಾರ ತಿಂಗಳಿಗೆ ಇಷ್ಟು ಅಂತ ಕೊಡಬೇಕು, ಕೊಡದಿದ್ದರೆ ಕೋರ್ಟಿಗೆ ಹೋಗಿ ಕೇಳಬಹುದು ಎಂಬ ವಿಚಾರ. ಈ ‘ಮೂಲ’ ಅನ್ನುವ ಶಬ್ದ ನಮ್ಮ ಕಡೆ ಅಷ್ಟು ಒಳ್ಳೆಯದಲ್ಲ. ಪಕ್ಕದ ಮನೆಯ ತಂಬಾಕು ವ್ಯಾಪಾರಿ ಬಸಪ್ಪ ಗೇಟಿನ ಹತ್ತಿರ ದನಿ ತಗ್ಗಿಸಿ ಕೇಳಿದ: “ಮೇಷ್ಟ್ರೇ, ಭಾನ್ವಾರ ಮೂಲದ ಮ್ಯಾಲೆ ಭಾಷ್ಣ ಮಾಡ್ತೀರಂತಲ್ಲ. ನಂಗೂ ಮೂರ್ ವರ್ಸದಿಂದ ಅದೆ ಕಣ್ರೀ. ಔಸ್ದಿನೂ ಕೊಡ್ತಾರಾ?” ಇದು ಆ ಮೂಲವ್ಯಾಧಿಯಲ್ಲಪ್ಪ, ಇದು ಎಲ್ಲರಿಗೂ ಬರಬೇಕಾದ ಮೂಲ ಎಂದೆ. ಅದು ಎಲ್ಲರಿಗೂ ಬರಲಿ ಎಂದು ಬಯಸುವಷ್ಟು ಕೆಟ್ಟ ಮನಸ್ಸು ನನ್ನದೆಂದು ಅವನಿಗೆ ಗೊತ್ತಿರಲಿಲ್ಲವಂತೆ. ಎರಡು ದಿನ ಮಾತು ಬಿಟ್ಟಿದ್ದ.

ನನ್ನ ಅಭಿಪ್ರಾಯವಂತೂ ಖಡಾಖಂಡಿತ: ಕೊಡಕೂಡದು. ಕೂತು ತಿನ್ನುವವನಿಗೆ ಕುಡಿಕೆ ಹೊನ್ನೂ ಸಾಲದು. ಜನ ಸೋಮಾರಿಗಳಾಗುತ್ತಾರೆ, ದೇಶ ಹಾಳಾಗುತ್ತದೆ. ಇದನ್ನೇ ಒಂದು ಬೆಳಗ್ಗೆ ಜಗುಲಿಯ ಮೇಲೆ ನಿಂತು ಕೈಯೆತ್ತಿ ಅಭ್ಯಾಸ ಮಾಡುತ್ತಿದ್ದೆ. ಅಂಗಳದಲ್ಲಿ ಪುಟ್ಟಮ್ಮ ಪಾತ್ರೆ ಉಜ್ಜುತ್ತಿದ್ದಳು. ಕಂಪಲಾಪುರದಿಂದ ಬಸ್ಸಿನಲ್ಲಿ ಬಂದು, ಹನ್ನೊಂದು ವರ್ಷದಿಂದ ನಮ್ಮ ಮನೆಯ ಪಾತ್ರೆ, ಬಟ್ಟೆ, ಕಸ ಎಲ್ಲ ನೋಡಿಕೊಂಡವಳು ಅವಳು. ನಾನು ‘ದೇಶ ಹಾಳಾಗುತ್ತದೆ’ ಎಂಬಲ್ಲಿಗೆ ಬಂದಾಗ ತಲೆಯೆತ್ತದೆ ಹೇಳಿದಳು: “ಸಾ, ಒಂದ್ನೇ ತಾರೀಕಿಂದ ನಾನು ಬರಾಕಿಲ್ಲ.”

ಎತ್ತಿದ ಕೈ ಎತ್ತಿದಂತೆಯೇ ನಿಂತಿತು. ನನ್ನ ಹೆಂಡತಿ ಸರೋಜಳಿಗೆ ಮಂಡಿನೋವು, ಕೂತರೆ ಏಳಲಾರಳು. ಆದರೆ ಸುಳ್ಳೇಕೆ ಹೇಳಲಿ, ಆ ಆಘಾತದ ಒಳಗೇ ಸಣ್ಣದೊಂದು ಖುಷಿಯೂ ಆಯಿತು. ಮನೆಯ ಯಜಮಾನಿಯರಿಗೆಂದು ಸರ್ಕಾರ ಕೊಡುವ ಎರಡು ಸಾವಿರ ಪುಟ್ಟಮ್ಮನ ಖಾತೆಗೆ ಬೀಳುತ್ತಿತ್ತು. ನೋಡಿದಿರಾ, ಪುಕ್ಕಟೆ ದುಡ್ಡು ಬಂತು, ದುಡಿಮೆ ಬಿಟ್ಟಳು! ಭಾಷಣಕ್ಕೆ ಬೇಕಾದ ಉದಾಹರಣೆ ಬಸ್ಸು ಹತ್ತಿಕೊಂಡು ನನ್ನ ಅಂಗಳಕ್ಕೇ ಬಂದಿತ್ತು.

“ಹಾಗಾದರೆ ಇನ್ನು ಮನೆಯಲ್ಲೇ ಹಾಯಾಗಿ ಇರ್ತೀಯ ಅನ್ನು,” ಎಂದೆ.

“ಎಲ್ಲಿ ಸಾ. ಲಾಯರ್ ಮನೆ ಕೆಲ್ಸ ಅದೆ. ನಿಮ್ಮನೆ ಒಂದ್ ಬುಡ್ತಾ ಇವ್ನಿ.”

ಇದು ನಿಜವಾದ ಆಘಾತ. ಲಾಯರ ಹೆಂಡತಿ ಬಾಯಿ ತೆರೆದರೆ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತದೆ. ನಾನೋ, ಹನ್ನೊಂದು ವರ್ಷದಲ್ಲಿ ಪುಟ್ಟಮ್ಮನಿಗೆ ಏರುದನಿಯಲ್ಲಿ ಒಂದು ಮಾತು ಆಡಿದವನಲ್ಲ. ಬಂದವರ ಮುಂದೆಲ್ಲ ‘ಇವಳು ನಮ್ಮ ಮನೆಯವಳ ಹಾಗೆ’ ಎಂದು ಹೇಳಿಕೊಂಡು, ಹೇಳಿದಾಗಲೆಲ್ಲ ನಾನೆಷ್ಟು ದೊಡ್ಡ ಮನಸ್ಸಿನವನೆಂದು ಒಳಗೊಳಗೇ ಬೀಗಿದವನು. “ನಿನ್ನನ್ನ ಯಾವತ್ತಾದರೂ ಕೆಲಸದವಳ ಹಾಗೆ ನೋಡಿದ್ದೀವಾ ಪುಟ್ಟಮ್ಮ? ಮನೆಯವಳ ಹಾಗೆ ನೋಡಿಕೊಂಡಿಲ್ವಾ?”

“ಅದ್ಕೇ ಸಾ ಬುಡ್ತಿರಾದು,” ಎಂದಳು ಪುಟ್ಟಮ್ಮ. ಸಿಟ್ಟಿರಲಿಲ್ಲ, ಲೆಕ್ಕದ ಉತ್ತರ ಹೇಳಿದಂತಿತ್ತು. “ಲಾಯರಮ್ಮ ಬೈತದೆ, ಕೆಲಸ್ದೋಳು ಅಂತ್ಲೇ ನೋಡ್ತದೆ. ಆದ್ರೆ ಭಾನ್ವಾರ ರಜಾ ಕೊಡ್ತದೆ. ಇಲ್ಲಿ ನೆಂಟ್ರು ಬಂದ್ರೂ ನಾನೇ, ಅಬ್ಬ ಬಂದ್ರೂ ನಾನೇ. ಮನೆಯೋಳಿಗೆ ರಜಾ ಎಲ್ಲದೆ?” ಆಮೇಲೆ ಅಡುಗೆಮನೆಯ ಕಡೆ ಗದ್ದ ಎತ್ತಿ ತೋರಿಸಿದಳು. “ನಿಜ್ವಾದ ಮನೆಯೋರ್ನ ದಿನಾ ನೋಡ್ತಾ ಇವ್ನಿ. ನಂಗದು ಬ್ಯಾಡ ಸಾ.”

ನಾನು ಜಗುಲಿಯ ಮೇಲೆ ಹಾಗೇ ಕೂತೆ. ಏನಾದರೂ ಹೇಳಬೇಕಲ್ಲ ಎಂದು, “ನಿಮ್ಮ ಅಮ್ಮೋರ ಮಂಡಿನೋವು ನಿನಗೆ ಗೊತ್ತಲ್ಲ,” ಎಂದೆ.

“ನಿಮ್ಮ ಮಂಡಿ ಚೆನ್ನಾಗೇ ಅವಲ್ಲ ಸಾ.”

ಮತ್ತೆ ಇಷ್ಟು ವರ್ಷ ಯಾಕೆ ಬಿಡಲಿಲ್ಲ ಎಂದು ಕೇಳಿದೆ. ಬಿಟ್ಟರೆ ಮನೆ ನಡೆಯುತ್ತಿರಲಿಲ್ಲವಂತೆ. ಈಗ ಆ ಎರಡು ಸಾವಿರ ಬರುವುದರಿಂದ ಒಂದು ಮನೆಯನ್ನು ಬೇಡ ಅನ್ನುವ ಧೈರ್ಯ ಬಂದಿದೆಯಂತೆ. “ಆದ್ರೂ ಒಳಗೇ ಪುಕುಪುಕು ಸಾ. ಕೊಟ್ಟೋರು ಯಾವತ್ತು ನಿಲ್ಲುಸ್ತಾರೋ ಯಾರ್ಗೊತ್ತು. ನಿಂತ್ರೆ ತಿರ್ಗಾ ನಿಮ್ಮನೆ ಬಾಗ್ಲಿಗೇ ಬರ್ಬೇಕು. ನೀವೆಂಗೂ ಭಾಷ್ಣ ಮಾಡ್ತೀರಲ್ಲ, ನಿಲ್ದಂಗೆ ಬರ್ಲಿ ಅಂತ ಒಂದ್ ಮಾತು ಏಳ್ಬುಡಿ.”

ಸರೋಜ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಳು. ನನ್ನ ಪರವಾಗಿ ಎರಡು ಮಾತಾಡುತ್ತಾಳೆಂದು ಕಾದೆ. ಅವಳು ಪುಟ್ಟಮ್ಮನಿಗೆ ಕಾಫಿ ಕೊಟ್ಟು, “ಒಳ್ಳೇದು ಮಾಡಿದೆ ಬಿಡು,” ಎಂದಳು. ಪುಟ್ಟಮ್ಮ ಬಸ್ಸಿಗೆ ಹೊರಟ ಮೇಲೆ ನನ್ನನ್ನು ಕೇಳಿದಳು: “ಆ ದುಡ್ಡು ನಮ್ಮಂಥೋರ ಮನೆಗೆ ಬರಲ್ಲ ಅಲ್ವೇನ್ರೀ?”

“ನಮಗೆಲ್ಲಿ ಬರುತ್ತೆ? ತೆರಿಗೆ ಕಟ್ಟೋರು ನಾವು. ಪೆನ್ಷನ್ ಬೇರೆ ಬರುತ್ತಲ್ಲ.”

“ಪೆನ್ಷನ್ ನಿಮಗೆ ಬರೋದು,” ಎಂದಳು. ಒಳಗೆ ಹೊರಟವಳು ತಿರುಗಿ, “ನನಗೇ ಅಂತ ತಿಂಗಳಿಗೆ ಏನಾದರೂ ಬರೋ ಹಾಗಿದ್ದಿದ್ದರೆ...” ಎಂದು ಶುರುಮಾಡಿದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು, ಒಳಗೆ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಕೇಳುವ ಧೈರ್ಯ ನನಗೂ ಆಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನನ್ನ ತಟ್ಟೆಯನ್ನು ನಾನೇ ತೊಳೆದಿಟ್ಟೆ. ಅವಳು ಅದನ್ನು ತೆಗೆದುಕೊಂಡು ಇನ್ನೊಮ್ಮೆ ತೊಳೆದಳು.

ಭಾನುವಾರ ನಾನು ಹಿಂದೆಂದೂ ಇಲ್ಲದ ಆವೇಶದಿಂದ ಮಾತಾಡಿದೆ. ಪುಟ್ಟಮ್ಮ ಹೇಳಿಕಳಿಸಿದ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಕೊಡಕೂಡದು, ಹಕ್ಕು ಅಂತ ಬರೆದಂತೂ ಕೊಡಲೇಕೂಡದು ಎಂದು ಮೇಜು ಗುದ್ದಿದೆ. ತಿಂಗಳಾದರೆ ಕೂತಲ್ಲಿಗೇ ದುಡ್ಡು ಬರುವ ಏಳೆಂಟು ಮಂದಿ ಗಂಡಸರು ಜೋರಾಗಿ ಚಪ್ಪಾಳೆ ತಟ್ಟಿದರು. ದೇಶದ ಬೊಕ್ಕಸದ ಬಗ್ಗೆ ಮೇಷ್ಟರಿಗೆ ಇರುವ ಕಾಳಜಿ ಎಲ್ಲರಿಗೂ ಇದ್ದರೆ ಎಷ್ಟು ಚೆನ್ನ ಎಂದರು ಅಧ್ಯಕ್ಷರು. ಬೊಕ್ಕಸದ ಮನೆ ಹಾಳಾಗಲಿ. ಸರೋಜಳಿಗೂ ತಿಂಗಳಿಗೆ ಇಷ್ಟು ಅಂತ ಬರತೊಡಗಿ, ಅದು ನಿಲ್ಲದ ಹಾಗೆ ಕಾನೂನೂ ಆಗಿಬಿಟ್ಟರೆ, ಅವಳು ಆ ಅರ್ಧ ಮಾತನ್ನು ಪೂರ್ತಿ ಮಾಡಿಬಿಡುತ್ತಾಳಲ್ಲ ಎಂಬುದಷ್ಟೇ ನನ್ನ ಕಾಳಜಿಯಾಗಿತ್ತು.