ಪೆಟ್ಟಿಗೆಯೊಳಗೆ ಉರಿಯುವ ಕೆಂಪು

ಮುರೋಂಡಾ: ದೀಪ ಉರೀತಿದೆಯೋ ಇಲ್ಲವೋ, ಅಷ್ಟು ಹೇಳಿ ಮಾವ.

ಮಟೆಮಾ: ಮೊದಲು ಆ ಮಾವ ಅನ್ನೋದನ್ನ ನಿಲ್ಲಿಸಿ. ನಿಮಗೆ ಐವತ್ತೆಂಟು, ನನಗೆ ಇಪ್ಪತ್ತೊಂಬತ್ತು.

ಮುರೋಂಡಾ: ವಯಸ್ಸು ಕಟ್ಟಿಕೊಂಡು ಏನಾಗ್ಬೇಕು? ನಮ್ಮಮ್ಮ ಸಿಂಹದ ಬೆಡಗಿನೋಳು, ಸಿಂಹಾನೇ ಅವಳ ಕುಲದ ಗುರುತು. ನೀವೂ ಸಿಂಹ ಅಂತ ಈಗ ತಾನೇ ಬಾಯಿಬಿಟ್ಟು ಹೇಳಿದ್ರಿ. ಅಲ್ಲಿಗೆ ನೀವು ನನಗೆ ಸೋದರಮಾವ. ಅಳಿಯ ಕೇಳಿದ್ದನ್ನ ಮಾವ ಇಲ್ಲ ಅನ್ನೋ ಹಾಗಿಲ್ಲ.

ಚಿಗೊಂಡೊ ಪಟ್ಟಣದ ನಾಲ್ಕು ರಸ್ತೆ ಕೂಡುವಲ್ಲಿ, ಸಿಗ್ನಲ್ಲಿನ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆರೆದು ಇಬ್ಬರೂ ಬಿಸಿಲಲ್ಲಿ ನಿಂತಿದ್ದರು. ಮುರೋಂಡಾ ಹತ್ತೊಂಬತ್ತು ವರ್ಷದಿಂದ ಆ ಸಿಗ್ನಲ್ಲನ್ನು ನೋಡಿಕೊಳ್ಳುವ ಮಿಸ್ತ್ರಿ. ಅದು ಸುರಕ್ಷತಾ ನಿಯಮಗಳಿಗೆ ತಕ್ಕಂತಿದೆಯೇ ಎಂದು ನೋಡಲು ರಾಜಧಾನಿ ಹರಾರೆಯಿಂದ ಬಂದ ಇನ್ಸ್‌ಪೆಕ್ಟರ್ ಮಟೆಮಾ. ಈ ಎಳೆ ಹುಡುಗ ತಪಾಸಣೆ ಪತ್ರಕ್ಕೆ ಸಹಿ ಹಾಕದೆ ಹೋದರೆ ಮುರೋಂಡಾನನ್ನು ಬೀದಿದೀಪದ ಕೆಲಸಕ್ಕೆ ತಳ್ಳುತ್ತಾರೆ. ಈ ವಯಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಏಣಿ ಹತ್ತಬೇಕು. ಮಾವ ಎನ್ನುವುದೇನು ಮಹಾ, ಬೇಕಾದರೆ ಅಜ್ಜ ಎಂದೂ ಕರೆದಾನು.

ಮಟೆಮಾ: ಉರೀತಿದೆ, ಒಪ್ಪಿದೆ. ಆದ್ರೆ ಎಲ್ಲಿ? ಮಾರುಕಟ್ಟೆ ರಸ್ತೆ ಕಂಬದ ಮೇಲಿರ್ಬೇಕಾದ ಕೆಂಪು ಈ ಪೆಟ್ಟಿಗೆ ಒಳಗೆ ಉರೀತಿದೆ. ಅದೂ ಅಡಿಗೆಮನೆ ಬಲ್ಬು.

ಮುರೋಂಡಾ: ಕಂಬದ ದೀಪದಷ್ಟೇ ಕರೆಂಟು ತಗೊಳುತ್ತೆ. ದೀಪ ಕೆಟ್ಟಿಲ್ಲ ಅಂತ ಸಿಗ್ನಲ್ ಯಂತ್ರಕ್ಕೆ ಸಮಾಧಾನ.

ಮಟೆಮಾ: ಡ್ರೈವರುಗಳೆಲ್ಲ ಗಾಡಿ ಇಳಿದು ಬಂದು, ಬಾಗಿಲು ತೆಗೆದು ನೋಡ್ಬೇಕಾ? ಕೆಂಪು ಕೆಟ್ಟರೆ ಯಂತ್ರಕ್ಕೆ ಗೊತ್ತಾಗ್ಬೇಕು, ಆ ಕ್ಷಣವೇ ನಾಲ್ಕೂ ಕಡೆ ಹಳದಿ ಮಿಣುಕಬೇಕು. ನಿಯಮ ಇರೋದೇ ಅದಕ್ಕೆ.

ಮುರೋಂಡಾ: ಹಳದಿ ಮಿಣುಕಿದ್ರೆ ಈ ಊರಲ್ಲಿ ಒಬ್ಬನೂ ನಿಲ್ಲಲ್ಲ. ಈಗ ಮೂರು ಕಡೆಯೋರಾದ್ರೂ ನಿಲ್ತಾರಲ್ಲ. ಹೊಸ ದೀಪ ಕಳಿಸಿ ಅಂತ ಮೂರು ಸಲ ಬರೆದೆ. ಉಗ್ರಾಣದೋರು ಉತ್ತರಾನೇ ಕೊಡಲಿಲ್ಲ.

ಮಟೆಮಾ: ಹೇಗೆ ಕೊಡ್ತಾರೆ? ಎಲ್ಲ ದೀಪಾನೂ ಚೆನ್ನಾಗಿ ಉರೀತಿದೆ ಅಂತ ಯಂತ್ರ ದಿನಾ ಅವರಿಗೆ ವರದಿ ಕಳಿಸ್ತಿದೆ.

ಇದು ಮುರೋಂಡಾನಿಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಸಂಚಾರಿ ಪೊಲೀಸಿನ ಸಾರ್ಜೆಂಟ್ ಸೆಕೆಸಾಯಿ ದಂಡದ ಚೀಟಿ ಪುಸ್ತಕ ಹಿಡಿದು ಬಂದಳು.

ಸೆಕೆಸಾಯಿ: ಆ ನೀಲಿ ಕಾರು ಯಾರದು? ಬೆಳಿಗ್ಗೆ ಒಂಬತ್ತಕ್ಕೆ, ಅಡ್ಡರಸ್ತೆಗೆ ಹಸಿರಿದ್ದಾಗ, ಮಾರುಕಟ್ಟೆ ರಸ್ತೆಯಿಂದ ಕೆಂಪು ದಾಟಿಕೊಂಡು ಬಂದಿದೆ.

ಮಟೆಮಾ: ನನ್ನದೇ. ಆದ್ರೆ ಅಲ್ಲಿ ಕೆಂಪು ಇರಲೇ ಇಲ್ಲ ಮೇಡಂ. ಬೇಕಾದ್ರೆ ಇವರನ್ನ ಕೇಳಿ.

ಸೆಕೆಸಾಯಿ: ಏನಪ್ಪಾ ಮುರೋಂಡಾ, ಉರೀತಿತ್ತಾ?

ಮುರೋಂಡಾ ಲೆಕ್ಕ ಹಾಕಿದ. ಇಲ್ಲವೆಂದರೆ ತನಗೆ ಏಣಿ. ಹೌದೆಂದರೆ ಮಾವನಿಗೆ ದಂಡ. ನಿಯಮ ಕಾಯುವವನೇ ನಿಯಮ ಮುರಿದನೆಂದು ಊರೆಲ್ಲ ಸುದ್ದಿ.

ಮುರೋಂಡಾ: ಚಿಕ್ಕಮ್ಮಾ, ನೀವೂ ಸಿಂಹದ ಬೆಡಗಲ್ಲವಾ? ಇವರೂ ಸಿಂಹ. ಲೆಕ್ಕಕ್ಕೆ ನಿಮ್ಮ ಅಣ್ಣ. ಮನೆಯೋರ ಮಧ್ಯೆ ಚೀಟಿ ಯಾಕೆ?

ಸೆಕೆಸಾಯಿ: ಅಣ್ಣನಾ? ಹಾಗಾದ್ರೆ ಇನ್ನೂ ಮಾನ ಹೋಯ್ತು. ಸಹಿ ಹಾಕಣ್ಣ ಇಲ್ಲಿ.

ಮಟೆಮಾ: ಕೆಂಪು ದಾಟಿದೆ ಅಂತ ಸಹಿ ಹಾಕಿದ್ರೆ ಕೆಂಪು ಇತ್ತು ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ.

ಮುರೋಂಡಾ: ಹಾಗಾದ್ರೆ ಎರಡಕ್ಕೂ ಹಾಕಿಬಿಡಿ ಮಾವ. ಅವರ ಚೀಟಿಗೊಂದು, ನನ್ನ ಪತ್ರಕ್ಕೊಂದು.

ಮಟೆಮಾ: ಸುಳ್ಳಿಗೆ ಒಂದು ಸಹಿ ಸಾಲದು ಅಂತ ಎರಡಾ?

ಶಾಲೆಯ ಗಂಟೆ ಹೊಡೆಯಿತು. ಮುರೋಂಡಾ ಮಾತು ಅರ್ಧಕ್ಕೇ ಬಿಟ್ಟು, ಎಡಗಾಲು ಎಳೆದುಕೊಂಡು ಮಾರುಕಟ್ಟೆ ರಸ್ತೆಗೆ ಓಡಿದ. ನಡುವೆ ನಿಂತು ಎರಡೂ ಕೈ ಚಾಚಿದ. ಒಂದು ವ್ಯಾನು ಅವನ ಹೊಟ್ಟೆಗೆ ಮೊಳ ದೂರದಲ್ಲಿ ನಿಂತಿತು. ಡ್ರೈವರ್ ಬೈದ, ಮುರೋಂಡಾ ಅದಕ್ಕಿಂತ ಚೆನ್ನಾಗಿ ಬೈದ. ಅವನ ಬೆನ್ನ ಹಿಂದಿನಿಂದ ಮಕ್ಕಳು ಗುಂಪಾಗಿ ದಾಟಿದರು.

ಮಟೆಮಾ: ಇದೇನಿದು?

ಸೆಕೆಸಾಯಿ: ಮೂರು ತಿಂಗಳಿಂದ ದಿನಾ ಹೀಗೇ. ಇದೂ ಇವನ ಕೆಲಸವೇ ಅಂದ್ಕೊಂಡಿದ್ದೆ.

ಮುರೋಂಡಾ ಏದುಸಿರು ಬಿಡುತ್ತ ಮರಳಿದ. ಇನ್ನು ಸುಳ್ಳು ಹೇಳಲು ಅವನಿಗೆ ಮನಸ್ಸೂ ಇರಲಿಲ್ಲ, ಉಸಿರೂ ಇರಲಿಲ್ಲ.

ಮುರೋಂಡಾ: ಉರೀತಿರಲಿಲ್ಲ ಚಿಕ್ಕಮ್ಮ. ಆ ಚೀಟಿ ಹರಿದುಹಾಕಿ. ಮಾವನದು ತಪ್ಪಿಲ್ಲ.

ಸೆಕೆಸಾಯಿ ಚೀಟಿ ಹರಿದಳು. ಹರಿದು, ಇನ್ನೊಂದು ಬರೆಯತೊಡಗಿದಳು.

ಸೆಕೆಸಾಯಿ: ದೀಪ ಇಲ್ಲದ ಕಡೆ ಗಾಡಿ ನಿಲ್ಲಿಸಿ, ಎರಡೂ ಕಡೆ ನೋಡಿ, ಆಮೇಲೆ ಹೋಗ್ಬೇಕು. ಅಣ್ಣ ನಿಲ್ಲಿಸಲೇ ಇಲ್ಲ.

ಮಟೆಮಾ ಆ ಚೀಟಿಗೆ ಸಹಿ ಹಾಕಿ, ಪೆಟ್ಟಿಗೆಯ ಬಲ್ಬು ತಿರುಗಿಸಿ ತೆಗೆದ. ನಾಲ್ಕೂ ಕಡೆ ಹಳದಿ ಮಿಣುಕಿತು. ಆಮೇಲೆ ತನ್ನ ವರದಿ ಬರೆಯಲು ಕೂತ.

ಮುರೋಂಡಾ: ಏನು ಬರೆದ್ರಿ ಮಾವ? ನಾಳೆಯಿಂದ ಏಣಿ ತಾನೇ?

ಮಟೆಮಾ ಓದಿದ: "ಮಾರುಕಟ್ಟೆ ರಸ್ತೆಯ ಕಡೆ ಮೂರು ತಿಂಗಳಿಂದ ಕೆಂಪು ದೀಪದ ಬದಲು ಒಬ್ಬ ಮನುಷ್ಯನನ್ನು ಬಳಸಲಾಗುತ್ತಿದೆ. ಇದು ನಿಯಮಬಾಹಿರ. ಹೊಸ ದೀಪವನ್ನು ಕೂಡಲೇ ಕಳುಹಿಸತಕ್ಕದ್ದು. ಅದು ಬಂದು ಸರಿಯಾಗಿ ಉರಿಯುವವರೆಗೆ, ಈಗಿರುವುದನ್ನು ಯಾವ ಕಾರಣಕ್ಕೂ ಇಲ್ಲಿಂದ ಕದಲಿಸಕೂಡದು."

ಮುರೋಂಡಾ ಎರಡು ಸಲ ಓದಿಸಿ ಕೇಳಿದ. ಆಮೇಲೆ ತಲೆಯ ಬೆವರು ಒರೆಸಿಕೊಂಡ.

ಮುರೋಂಡಾ: ಈಗಿರೋದಕ್ಕೆ ಒಂದು ಕೊಡೆ ಬೇಕು ಅಂತಾನೂ ಸೇರಿಸಿ ಮಾವ.